ಬಿನ್ ಎಂಬ ಕಾಲಮ್ಮು

ಯುದ್ಧ ಮತ್ತು ಶಾಂತಿ ಮನುಕುಲದ ಎರಡು ಮಹಾ ರಹಸ್ಯಗಳು. ಅವುಗಳ ಬಗ್ಗೆ ಬರೆಯುವವನಿಗೆ ತಕ್ಕ ಗಾಂಭೀರ್ಯ ಇರಬೇಕು. ನನಗೆ ಅವು ನೆನಪಾದದ್ದು ಲಂಡನ್ನಿನ ಕ್ವೀನ್ಸ್‌ಬರಿಯ ಅಂಗಡಿಯಲ್ಲಿ ಬೆಂಡೆಕಾಯಿ ತುದಿ ಮುರಿದು ನೋಡುತ್ತಿದ್ದಾಗ. ಪಕ್ಕದ ಕೆಫೆಯಿಂದ ಒಣಶುಂಠಿ ಹಾಕಿದ ಕಾಫಿಯ ವಾಸನೆ ಬಂತು. ಮೈಸೂರಿನವನಾದ ನಾನು ಕಾಫಿಗೆ ಶುಂಠಿ ಹಾಕುವುದನ್ನು ಅಪರಾಧವೆಂದೇ ತಿಳಿದವನು. ಆದರೂ ಬೆಂಡೆಕಾಯಿ ಕೈಯಲ್ಲೇ ಉಳಿಯಿತು...

ಕೊಲಿಂಡೇಲ್‌ನಲ್ಲಿ ನರ್ಸ್ ಆಗಿರುವ ನನ್ನ ಮಗಳ ಫ್ಲಾಟಿನ ಎದುರು ಬಾಗಿಲಲ್ಲಿ ಅಂಥ ಕಾಫಿ ಕುದಿಸುವವರೊಬ್ಬರಿದ್ದರು. ತಮ್ಮ ದೇಶದಲ್ಲಿ ಶಾಲೆಯ ಮೇಷ್ಟ್ರು, ಇಲ್ಲಿ ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ. ದೇಶದ ಹೆಸರು ಬರೆಯುವುದಿಲ್ಲ. ಬರೆದರೆ ಅವರು ಯಾವ ಕಡೆಯವರು ಎಂದು ಕೇಳುವವರು ಲಂಡನ್ನಿನಲ್ಲೂ ಇದ್ದಾರೆ. ನಾನು ಮೇಷ್ಟ್ರೇ ಅನ್ನುತ್ತಿದ್ದೆ, ಅವರು ಬ್ರದರ್ ಅನ್ನುತ್ತಿದ್ದರು. ನಮ್ಮಿಬ್ಬರ ಇಂಗ್ಲಿಷೂ ಒಂದೇ ದರ್ಜೆಯದಾದ್ದರಿಂದ ಚೆನ್ನಾಗಿ ಅರ್ಥವಾಗುತ್ತಿತ್ತು.

ಅವರ ನಿಜವಾದ ಕಸುಬು ರಾಜಿ ಮಾಡಿಸುವುದು. ಎರಡು ಕುಲಗಳು ಬಂದೂಕು ಹಿಡಿದಾಗ ನಡುವೆ ಚಾಪೆ ಹಾಸಿ ಕೂರುತ್ತಿದ್ದರಂತೆ. ಅವರ ಕಡೆ ಒಂದು ಪದ್ಧತಿ: ಎದುರಿನವನು ಹೇಳಿದ್ದನ್ನು ಮೊದಲು ನೀನು ತಪ್ಪಿಲ್ಲದೆ ತಿರುಗಿ ಹೇಳಬೇಕು, ಅವನು ಸರಿ ಅಂದ ಮೇಲೆಯೇ ನಿನ್ನ ಸರದಿ. “ಅರ್ಧ ಜಗಳ ಅಲ್ಲೇ ಸುಸ್ತಾಗಿ ಬಿದ್ದುಹೋಗುತ್ತೆ, ಬ್ರದರ್.” ನಮ್ಮ ಮನೆಯಲ್ಲೂ ಪ್ರಯೋಗಿಸಿದೆ. ಮಗಳು, “ಅಪ್ಪಾ, ನಂಗೆ ಶಿಫ್ಟಿಗೆ ಹೊತ್ತಾಯ್ತು, ಸುಮ್ನಿರು,” ಅಂದಳು. ತಪ್ಪಿಲ್ಲದೆ ತಿರುಗಿ ಹೇಳಿದೆ. ಬಾಗಿಲು ದಢಾರನೆ ಹಾಕಿಕೊಂಡು ಹೋದಳು.

ಆ ವರ್ಷ ಅವರ ಊರಿಗೆ ಮುತ್ತಿಗೆ ಬಿತ್ತು. ಅವರ ಅಕ್ಕ, ಅಕ್ಕನ ಇಬ್ಬರು ಗಂಡುಮಕ್ಕಳು ಒಳಗೆ ಸಿಕ್ಕಿಬಿದ್ದರು. ಮೇಷ್ಟ್ರು ಕೊಲಿಂಡೇಲ್‌ನ ಅಡುಗೆಮನೆಯಲ್ಲೇ ಚಾಪೆ ಹಾಸಿ, ಫೋನಿನಲ್ಲಿ ರಾಜಿಗೆ ಕೂತರು. ಊರಿಂದ ಹೊರಬರುವ ಒಂದೇ ರಸ್ತೆಗೆ ಮೂರು ತಡೆ: ಮೊದಲನೆಯದು ಸೈನ್ಯದ್ದು, ಎರಡನೆಯದು ಚಿನ್ನದ ಕಳ್ಳಸಾಗಣೆಯವರದ್ದು, ಮೂರನೆಯದು ಬಂಡುಕೋರರದ್ದು. ಹೇಳಿದ ಹೊತ್ತಿಗೆ ಫೋನ್ ಎತ್ತುತ್ತಿದ್ದವರು ಕಳ್ಳಸಾಗಣೆಯವರು ಮಾತ್ರ, ಶಿಸ್ತಿನ ಜನ. ಐದು ವಾರ ಮಾತಾಡಿ ಮೇಷ್ಟ್ರು ಒಂದು ಬಸ್ಸಿಗೆ ದಾರಿ ಬಿಡಿಸಿದರು. ಮೂವತ್ತೊಂದು ಜನ. ಬಸ್ಸು ಕೊಡುವ ಪರಿಹಾರ ಸಂಸ್ಥೆಗೆ ಪಟ್ಟಿ ಬೇಕು, ಅದರ ಪ್ರತಿ ಮೂರೂ ತಡೆಗಳಿಗೆ. ಎಲ್ಲ ಇಂಗ್ಲಿಷಿನಲ್ಲಿ. ಆ ದೇಶದ ಎಲ್ಲ ಬಣಗಳೂ ಒಪ್ಪಿದ ಏಕೈಕ ಸಂಗತಿ ಅದು.

ಮೂವತ್ತು ವರ್ಷ ತಾಲೂಕು ಕಚೇರಿಯಲ್ಲಿ ಪಹಣಿ ಬರೆದವನಿಗಿಂತ ಯೋಗ್ಯ ಇನ್ಯಾರು? ಬಸ್ಸು ಹೊರಡುವ ದಿನ, ಶಿಫ್ಟಿಗೆ ಹೋಗುವ ಮುಂಚೆ ಮೇಷ್ಟ್ರು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ತಮ್ಮ ನೋಟ್‌ಬುಕ್ ಕೊಟ್ಟರು. ರಾಜಿಗೆ ಬೇಕಾದ್ದರಿಂದ ಅದರಲ್ಲಿ ಪ್ರತಿಯೊಬ್ಬರ ತಂದೆ, ತಾತ, ಮುತ್ತಾತ ಎಲ್ಲ ಇತ್ತು. “ಹೆಸರು ಮಾತ್ರ ಟೈಪ್ ಮಾಡಿ, ಬ್ರದರ್. ಮಧ್ಯಾಹ್ನ ಎರಡು ಗಂಟೆಯೊಳಗೆ ಸಂಸ್ಥೆಗೆ ಕಳಿಸಿಬಿಡಿ.” ಕಾರ್ಖಾನೆಯಲ್ಲಿ ಅವರ ಫೋನು ಸಂಜೆವರೆಗೆ ಲಾಕರಿನಲ್ಲಿರುತ್ತಿತ್ತು.

ಹೆಸರು ಮಾತ್ರ. ಅವಸರದಲ್ಲಿ ಹಾಗಂದರು ಎಂದುಕೊಂಡೆ. ಕಚೇರಿಗೆ ಬರುತ್ತಿದ್ದವರೆಲ್ಲ ಹಾಗೇ ಅನ್ನುತ್ತಿದ್ದರು. ನೋಡಿದರೆ ಒಂದೇ ಹೆಸರಿನವರು ನಾಲ್ಕು ಜನ. ನಮ್ಮ ಪಹಣಿಯಲ್ಲಿ ಇಂಥವನು ಬಿನ್ ಇಂಥವನು ಎಂದು ತಂದೆಯ ಹೆಸರು ಸೇರಿಸಿಯೇ ಬರೆಯುವುದು. ಬಿನ್ ಇಲ್ಲದ ಹೆಸರನ್ನು ನಾನು ಸರ್ವೀಸಿನಲ್ಲಿ ಒಂದು ಸಲವೂ ಮುಂದಕ್ಕೆ ಕಳಿಸಿದವನಲ್ಲ. ಗೊಂದಲವಾಗಿ ಯಾರನ್ನಾದರೂ ಬಸ್ಸಿನಿಂದ ಇಳಿಸಿಬಿಟ್ಟರೆ? ಕಾಲಮ್ಮು ಎಳೆದೆ. ಆ ನಾಲ್ವರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ ಆಗಿದ್ದರಿಂದ ಮೂವತ್ತೊಂದು ಜನಕ್ಕೂ ತಂದೆ, ತಾತನನ್ನು ತುಂಬಿಸಿದೆ. ಒಂದೇ ಒಂದು ತಪ್ಪಿರಲಿಲ್ಲ. ಒಂದೂಕಾಲಿಗೇ ಕಳಿಸಿ ಕಾಲು ಚಾಚಿ ಕೂತೆ.

ಸಂಜೆ ಮೇಷ್ಟ್ರು ಬಂದು ಪ್ರತಿ ನೋಡಿದರು. ಓದುತ್ತ ಓದುತ್ತ ತಾತನ ಕಾಲಮ್ಮಿನ ಮೇಲೆ ಬೆರಳಿಟ್ಟರು. ಬರೀ ಹೆಸರು ಅಲ್ಲಿ ಎಲ್ಲ ಕುಲದಲ್ಲೂ ಇರುತ್ತದಂತೆ. ತಾತನ ಹೆಸರು ಬಂತೆಂದರೆ ಕುಲ ಗೊತ್ತಾಯಿತು. ಬಂಡುಕೋರರು ಹುಡುಕುತ್ತಿದ್ದದ್ದು ಮೇಷ್ಟ್ರ ಕುಲದ ಗಂಡಸರನ್ನೇ. ಅಕ್ಕನ ಗಂಡನದೂ ಅದೇ ಕುಲ. ಐದು ವಾರದ ರಾಜಿ ನಿಂತದ್ದು ಒಂದೇ ಮಾತಿನ ಮೇಲೆ: ತಾತನ ಹೆಸರು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಫೋನ್ ಮಾಡಿದರು. ಸೈನ್ಯದವರು ಎತ್ತಲಿಲ್ಲ. ಕಳ್ಳಸಾಗಣೆಯವರು ಎತ್ತಿ, ಬಸ್ಸು ನಮ್ಮನ್ನು ದಾಟಿ ಗಂಟೆಯಾಯಿತು ಎಂದರು. ಡ್ರೈವರನ ಫೋನು ಬಡಿದುಕೊಳ್ಳುತ್ತಲೇ ಇತ್ತು... ನಾನು, “ಸರಿ ಮಾಡಿ ಇನ್ನೊಂದು ಪಟ್ಟಿ ಕಳಿಸಲಾ, ಮೇಷ್ಟ್ರೇ?” ಅಂದೆ. ಮತ್ತೆ ಅಂದೆ. ಮೂರನೇ ಸಲವೂ ಅಂದೆ.

ನಾಲ್ಕು ದಿನದ ಮೇಲೆ ಅವರೇ ಕರೆದು ಚಾಪೆಯ ಮೇಲೆ ಕೂರಿಸಿದರು. “ಹೇಳಿ, ಬ್ರದರ್.”

ನಾಲ್ಕು ಜನರ ಹೆಸರು ಒಂದೇ ಆಗಿತ್ತು, ಯಾರೂ ಬಿಟ್ಟುಹೋಗಬಾರದು ಅಂತ ಬರೆದೆ, ಅಂದೆ. ಅವರು ಅದನ್ನು ಒಂದು ಮಾತೂ ತಪ್ಪದೆ ತಿರುಗಿ ಹೇಳಿದರು. “ಸರಿಯಾ?”

“ಸರಿ.”

ಇನ್ನು ಅವರ ಸರದಿ. ಬೈದರೆ ಆ ಬೈಗುಳವನ್ನೂ ತಿರುಗಿ ಹೇಳಲು ಸಿದ್ಧನಾಗಿ ಕೂತಿದ್ದೆ. ಅವರು ಎದ್ದುಹೋಗಿ ಲೋಟ ತೊಳೆಯತೊಡಗಿದರು.

ಮರುತಿಂಗಳು ಫ್ಲಾಟು ಖಾಲಿ ಮಾಡಿದರು. ಎಲ್ಲಿಗೆಂದು ನನಗೆ ಹೇಳಲಿಲ್ಲ. ಈಗ ಅಲ್ಲಿ ಹೊಸದಾಗಿ ಮದುವೆಯಾದ ಜೋಡಿಯಿದೆ, ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಾರೆ. ಕೌನ್ಸಿಲ್‌ನ ಫಾರಂ ತುಂಬಿಸಿಕೊಡಿ ಎಂದು ಯಾರಾದರೂ ಬಂದರೆ ಕಣ್ಣು ಕಾಣುವುದಿಲ್ಲ ಅನ್ನುತ್ತೇನೆ. ಕಣ್ಣು ಚೆನ್ನಾಗೇ ಕಾಣುತ್ತದೆ.

ಮೂರನೇ ತಡೆಯಲ್ಲಿ ಆರು ಗಂಡಸರನ್ನು ಬಸ್ಸಿನಿಂದ ಇಳಿಸಿಕೊಂಡರು. ಅವರಲ್ಲಿ ಇಬ್ಬರು ಮೇಷ್ಟ್ರ ಅಕ್ಕನ ಮಕ್ಕಳು. ಆರು ಜನರಲ್ಲಿ ಒಬ್ಬರೂ ಇದುವರೆಗೆ ಸಿಕ್ಕಿಲ್ಲ.