ತಾತ ಕೊಯ್ಯದೆ ಬಿಟ್ಟ ಹುಲ್ಲು

ಮಗಳಿಗೆ ಶಾಕ್ ಹೊಡೆದುಬಿಟ್ಟರೆ? ಎಂಟು ತಿಂಗಳ ಕೂಸು ಅಂಬೆಗಾಲಿಡಲು ಶುರುಮಾಡಿದಾಗಿನಿಂದ ನನಗೆ ಇದೊಂದೇ ಯೋಚನೆ. ಮಧ್ಯಾಹ್ನವಾದರೆ ಸಾಕು, ಕಿಟಕಿಯ ಕೆಳಗೆ ಪಂಪ್ ಕೋಣೆಯ ಪಕ್ಕದಿಂದ ‘ಝಿರ್‌’ ಎಂಬ ಸದ್ದು. ಕರೆಂಟ್ ಸೋರುವಾಗ ಹೀಗೇ ಕೇಳುತ್ತದೆಂದು ಎಲ್ಲೋ ಓದಿದ್ದೆ.

ಅಲ್ಲಿ ಹತ್ತು ಹೆಜ್ಜೆಯಷ್ಟು ಜಾಗದಲ್ಲಿ ಮೊಣಕಾಲುದ್ದ ಹುಲ್ಲು. ಉಳಿದ ಅಂಗಳವನ್ನೆಲ್ಲ ಮಾಲಿ ತಾತ ಕ್ಷೌರ ಮಾಡಿದಂತೆ ಇಟ್ಟಿರುತ್ತಾರೆ. ಇಪ್ಪತ್ತೆರಡು ವರ್ಷದಿಂದ ಈ ಕಟ್ಟಡದ ಗಿಡ, ಪೈಪು, ಪಂಪು ಎಲ್ಲವೂ ಅವರದೇ ಕೈಯಲ್ಲಿ. ಕುಡುಗೋಲನ್ನು ಮೆಟ್ಟಿಲ ಕಲ್ಲಿಗೆ ಮಸೆದರೆಂದರೆ ಬೆಳಗಾಯಿತೆಂದೇ ಲೆಕ್ಕ. ಆದರೂ ನಾನು ನಮ್ಮ ಕಟ್ಟಡದ ಸಂಘದ ಸೆಕ್ರೆಟರಿಗೆ ಬರೆದೆ: ‘ಮಾಲಿ ಸೋಮಾರಿ. ಹುಲ್ಲಿನಡಿ ತಂತಿ ಹಾಳಾಗಿದ್ದರೂ ಮುಚ್ಚಿಡುತ್ತಿದ್ದಾನೆ.’ ‘ಮುಚ್ಚಿಡುತ್ತಿದ್ದಾನೆ’ ಎಂಬುದನ್ನು ಬರೆಯುವಾಗಲೇ ಕೈ ತಡೆಯಿತು. ಅಳಿಸಲಿಲ್ಲ.

ನಾಲ್ಕು ದಿನದ ಮೇಲೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಕೆಳಗಿಳಿದರೆ ತಾತ ಹುಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

“ಏನಮ್ಮ, ಕೂಸು ಮಲಗಲಿಲ್ವಾ?”

“ಈ ತಂತಿ ಸದ್ದಿಗೆ ಎಲ್ಲಿ ನಿದ್ದೆ ತಾತ?”

“ತಂತಿನಾ!” ಅವರು ನಕ್ಕು, ಒಂದು ದಂಟನ್ನು ಮೆಲ್ಲಗೆ ಬಾಗಿಸಿದರು. ಕಿರುಬೆರಳ ಉಗುರಿನಷ್ಟು ಹಸಿರು ಹುಳು. ಸದ್ದು ಥಟ್ಟನೆ ನಿಂತಿತು.

“ನೋಡಿ, ನಿಮ್ಮ ಕರೆಂಟು ಹೋಯ್ತು. ಜೀರುಂಡೆ ಕಣಮ್ಮ. ದೊಡ್ಡವು ಮರ ಹತ್ತುತ್ವೆ, ಈ ಪುಟ್ಟವಕ್ಕೆ ಹುಲ್ಲೇ ಮರ. ದಂಟೊಳಗೆ ಮೊಟ್ಟೆ, ಬೇರಿನ ಹತ್ರ ಮಣ್ಣಲ್ಲಿ ಮರಿ. ಇವು ಕೂಗೋ ತಿಂಗಳು ನಾನು ಇಲ್ಲಿ ಕುಡುಗೋಲು ಹಾಕಲ್ಲ.”

“ಸೆಕ್ರೆಟರಿಗೆ ಹೇಳ್ಬಾರ್ದಿತ್ತಾ?”

“ಹೇಳ್ದೆ. ಹುಳ ಕಾಯೋಕೆ ಸಂಬಳ ಕೊಡ್ಬೇಕಾ ಅಂದ್ರು. ಯಾರೋ ಬರೆದಿದಾರಂತೆ, ನಾನು ಸೋಮಾರಿ, ಏನೋ ಮುಚ್ಚಿಡ್ತೀನಿ ಅಂತ. ಶನಿವಾರಕ್ಕೆ ಕೆಲಸ ಬಿಟ್ಟು ಮನೆಗೆ ಹೋಗು ಅಂದಿದಾರೆ. ನಾಳೆ ಮೆಷಿನ್ ತಂದು ಇದನ್ನೂ ಬೋಳಿಸ್ತಾರಂತೆ.” ಮಗಳು ಅವರ ಹೆಬ್ಬೆರಳು ಹಿಡಿದಳು. “ಅಬ್ಬಾ, ಏನು ಹಿಡಿತ! ಬರೆದೋರಿಗೆ ಏನು ಹೆದರಿಕೆಯೋ ಏನೋ, ಬಿಡಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಶಾಲೆಯಲ್ಲಿ ಕೀಟಗಳ ಪಾಠಕ್ಕೆ ಪೂರ್ತಿ ಅಂಕ ತೆಗೆದವಳು ನಾನು, ಆದರೆ ಕಿಟಕಿಯಿಂದ ಬಗ್ಗಿ ನೋಡುವಷ್ಟು ವ್ಯವಧಾನ ಇರಲಿಲ್ಲ. “ಹಾಲು ಒಲೆ ಮೇಲಿದೆ” ಎಂದು ಸುಳ್ಳು ಹೇಳಿ ಮೇಲೆ ಓಡಿಬಂದೆ.

ಎರಡು ಸಲ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಮೂರನೆಯ ಸಲ ಸೆಕ್ರೆಟರಿ ಎತ್ತಿಯೇಬಿಟ್ಟರು.

“ಸಾರ್, ಮಾಲಿ ತಾತನ ಮೇಲೆ ನಾನು ಬರೆದದ್ದು ಸುಳ್ಳು. ಆ ಸದ್ದು ತಂತಿದಲ್ಲ, ಜೀರುಂಡೆದು, ನಾನೇ ನೋಡದೆ ಬರೆದೆ. ಎಲ್ಲರ ಮುಂದೆ, ಅವರ ಮುಂದೆಯೂ ಹೇಳ್ತೀನಿ. ಮೊದಲು ಆ ಮೆಷಿನ್ ಬೇಡ ಅಂತ ಹೇಳಿ ಸಾರ್.”