ದ್ರಾಕ್ಷಿ ಬದನೆಯಾದ ಸಂಕ್ರಾಂತಿ

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಚಿತ್ರ ಬರೆಯಲು ಬರುವುದಿಲ್ಲ. ಶಾಲೆಯಲ್ಲಿ ನಾನು ಬರೆದ ಆಕಳಿನ ಕೆಳಗೆ ಮಾಸ್ತರರು ‘ಮೇಜು, ಸರಿ ಇದೆ’ ಎಂದು ಷರಾ ಬರೆದು ಹತ್ತಕ್ಕೆ ಐದು ಅಂಕ ಕೊಟ್ಟಿದ್ದರು. ಅಂಥವಳು ನಲವತ್ತೆಂಟನೆಯ ವಯಸ್ಸಿನಲ್ಲಿ ಮಿರಜಕ್ಕೆ ಹೋಗಿ ಹನ್ನೆರಡು ಜಲವರ್ಣ ಪೆನ್ಸಿಲುಗಳ ಡಬ್ಬಿಯೊಂದನ್ನು ಕೊಂಡು ಕಾಗವಾಡಕ್ಕೆ ಮರಳಿದಳೆಂದರೆ, ಅದರ ಹಿಂದೆ ಕಲೆ ಇರಲಿಲ್ಲ, ತತ್ತ್ವವಿತ್ತು.

ತತ್ತ್ವ ಇಷ್ಟೇ. ಮೊಬೈಲಿನಲ್ಲಿ ಬರುವ ಹಬ್ಬದ ಶುಭಾಶಯವನ್ನು ಯಾರೂ ಬರೆಯುವುದಿಲ್ಲ, ಯಾರೂ ಓದುವುದಿಲ್ಲ. ಎಲ್ಲರೂ ಮುಂದಕ್ಕೆ ತಳ್ಳುತ್ತಾರೆ. ಒಂದು ಯುಗಾದಿಯಂದು ಬೆಳಿಗ್ಗೆ ನಾನು ಕಳಿಸಿದ ಗುಲಾಬಿ ಹೂವು ರಾಯಬಾಗ, ಅಥಣಿ, ಚಿಕ್ಕೋಡಿಗಳನ್ನೆಲ್ಲ ಸುತ್ತಿ ಸಂಜೆಯ ಹೊತ್ತಿಗೆ ನನಗೇ ಮರಳಿ ಬಂದಿತ್ತು. ನಮ್ಮ ಹಿರಿಯರು ಹೀಗಿರಲಿಲ್ಲ. ಒಂದು ತುಂಡು ಹೊಲ ದಾನ ಕೊಟ್ಟರೂ ಕಲ್ಲಿನ ಮೇಲೆ ಮೊದಲು ‘ಸ್ವಸ್ತಿ’ ಎಂದು ಕೆತ್ತಿಸಿ ಆಮೇಲೆ ಗಡಿ ಹೇಳುತ್ತಿದ್ದರು. ಅದೇ ಶಾಸನದ ಕೊನೆಯಲ್ಲಿ, ದಾನ ಕೆಡಿಸಿದವನು ಹುಳುವಾಗಿ ಹುಟ್ಟಲಿ ಎಂಬ ಶಾಪವೂ ಇರುತ್ತಿತ್ತೆಂಬುದು ಬೇರೆ ಮಾತು. ಕೈಯಿಂದ ಮಾಡಿದ ಶುಭಾಶಯಕ್ಕೂ ಶಾಪಕ್ಕೂ ಒಂದು ತೂಕವಿರುತ್ತದೆ ಎಂಬುದಷ್ಟೇ ನನ್ನ ವಾದ.

ವಾದ ಎಂದೆನಲ್ಲ, ಅಲ್ಲಿಯೇ ಇರುವುದು ನನ್ನ ನಿಜವಾದ ಕಾರಣ. ಚಿಕ್ಕೋಡಿಯಲ್ಲಿ ಕಾಲೇಜು ಓದುವಾಗ ನಾನು ಮತ್ತು ಶೇಡಬಾಳದ ಪದ್ಮಾ ಚರ್ಚಾಸ್ಪರ್ಧೆಗಳ ಜೋಡಿಯಾಗಿದ್ದೆವು. ನಾನು ವಿಷಯದ ಪರ, ಅವಳು ವಿರುದ್ಧ. ಇಬ್ಬರೂ ಸೇರಿ ಎಷ್ಟೋ ಬಹುಮಾನದ ಢಾಲುಗಳನ್ನು ಹೊತ್ತು ತಂದಿದ್ದೆವು. ಅವಳು ವೇದಿಕೆ ಇಳಿದ ಮೇಲೆ ವಾದ ನಿಲ್ಲಿಸಿದಳು. ನಾನು ನಿಲ್ಲಿಸಲಿಲ್ಲ. ನಾನು ಪೆನ್ಸಿಲು ಕೊಳ್ಳುವುದಕ್ಕೆ ಎರಡು ವರ್ಷ ಮೊದಲು ಅವಳ ಮಗಳ ಮದುವೆಯಲ್ಲಿ ‘ಎರಡು ಮಾತು ಆಶೀರ್ವಾದ’ಕ್ಕೆಂದು ನನ್ನ ಕೈಗೆ ಮೈಕು ಕೊಟ್ಟರು. ಮದುವೆಯ ದುಂದುವೆಚ್ಚ, ಅದರಲ್ಲೂ ಊಟದ ಆಡಂಬರ, ಎಂಬ ವಿಷಯದ ಮೇಲೆ ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಪಂಕ್ತಿಯಲ್ಲಿ ಕೂತ ಮುನ್ನೂರು ಜನ, ಎಲೆಯ ಮೇಲೆ ಬಿದ್ದ ಹೋಳಿಗೆಯನ್ನು ಮುಟ್ಟಲೂ ಆಗದೆ, ಬಿಡಲೂ ಆಗದೆ ನನ್ನನ್ನು ಆಲಿಸಿದರು. ಅಂದಿನಿಂದ ಪದ್ಮಾ ನನ್ನೊಡನೆ ಮಾತು ಬಿಟ್ಟಿದ್ದಳು. ಫೋನು ಮಾಡಿದರೆ ಎತ್ತುತ್ತಿರಲಿಲ್ಲ, ಸಂತೆಯಲ್ಲಿ ಕಂಡರೆ ಓಣಿ ಬದಲಿಸುತ್ತಿದ್ದಳು. ಅವಳ ಮಾತು ನನಗೆ ಮರಳಿ ಬೇಕಾಗಿತ್ತು.

ಸಂಕ್ರಾಂತಿ ಹತ್ತಿರ ಬಂದಿತ್ತು. ಎಳ್ಳು-ಬೆಲ್ಲ ಕೈಗಿಟ್ಟು ‘ಒಳ್ಳೆ ಮಾತಾಡೋಣ’ ಎನ್ನುವ ಹಬ್ಬ. ರಾಜಿಗೆ ಇದಕ್ಕಿಂತ ಪ್ರಶಸ್ತ ಮುಹೂರ್ತವಿಲ್ಲ. ಮೊದಲು ನಾಲ್ಕು ಪುಟದ ಕ್ಷಮಾಪಣೆಯ ಪತ್ರ ಬರೆದೆ. ಓದಿ ನೋಡಿದರೆ ಅದರ ಮೂರು ಪುಟಗಳಲ್ಲಿ ಅಂದು ನಾನು ಹೇಳಿದ್ದೇ ಸರಿ ಎಂಬ ಸಮರ್ಥನೆಯಿತ್ತು. ಆಗ ಹೊಳೆಯಿತು ಕಾರ್ಡಿನ ಮಹಿಮೆ. ಅಂಗೈಯಷ್ಟು ಕಾಗದ, ಅದರಲ್ಲಿ ಮುಕ್ಕಾಲು ಪಾಲು ಚಿತ್ರ. ಉಳಿದ ಜಾಗದಲ್ಲಿ ನನ್ನಂಥವಳೂ ಒಂದೇ ಸಾಲು ಬರೆಯಬಲ್ಲಳು.

ಒಂಬತ್ತು ಕಾರ್ಡು ಮಾಡಿದೆ. ಜಲವರ್ಣ ಪೆನ್ಸಿಲು ವಿಚಿತ್ರ ಪ್ರಾಣಿ. ಒಣಗಿದ್ದಾಗ ಎಲ್ಲ ಪೆನ್ಸಿಲಿನಂತೆ ಬಿಗಿಯಾಗಿ ಗೆರೆ ಎಳೆಯುತ್ತದೆ. ಮೇಲೆ ಒದ್ದೆ ಕುಂಚ ಸವರಿದರೆ ಆ ಗೆರೆ ತನ್ನ ಹಟ ಬಿಟ್ಟು ಕರಗಿ ಬಣ್ಣವಾಗುತ್ತದೆ. ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ಪಡೆಯದ ನನಗೆ ಈ ಸ್ವಭಾವ ಹೊಸದು. ನಮ್ಮ ಕಡೆಯ ಹೆಮ್ಮೆಯೆಂದು ದ್ರಾಕ್ಷಿ ಗೊಂಚಲು ಬರೆದೆ: ಕಾಳು ಕಾಳಾಗಿ ನೇರಳೆ, ಮೇಲೆ ಹಸಿರು ತೊಟ್ಟು. ಎಂಟು ಕಾರ್ಡುಗಳಲ್ಲಿ ಶುಭಾಶಯ ಬರೆದೆ. ಒಂಬತ್ತನೆಯದರಲ್ಲಿ ಬಾಲ್‌ಪೆನ್ನಿನಿಂದ ‘ಪದ್ಮಾ, ಅಂದು ನಾನು ತಪ್ಪು ಮಾಡಿದೆ’ ಎಂದು ಬರೆದು, ಮುಂದೆ ‘ಆದರೆ’ ಎಂದು ಸೇರಿಸಲು ಜಾಗವಿಲ್ಲದ್ದಕ್ಕೆ ನಿಟ್ಟುಸಿರಿಟ್ಟೆ.

ಕಾರ್ಡುಗಳನ್ನು ಒಣಗಲು ಮಂಚದ ಮೇಲೆ ಹರವಿ ಶಾಲೆಗೆ ಪಾಠ ಮಾಡಲು ಹೋದೆ. ಮರಳಿ ಬಂದಾಗ ಮಂಚ ಖಾಲಿಯಾಗಿತ್ತು. ನಮ್ಮ ಅತ್ತೆಯವರು, ಎಪ್ಪತ್ತೆಂಟರ ಗಟ್ಟಿಗಿತ್ತಿ, ಬೆರಳನ್ನು ನೀರಿನಲ್ಲಿ ಅದ್ದಿ ಅದ್ದಿ ಒಂಬತ್ತೂ ಕಾರ್ಡುಗಳಿಗೆ ಅರಿಷಿಣ-ಕುಂಕುಮ ಹಚ್ಚಿ, ಹಾಲಿನ ಮಲ್ಲಪ್ಪನ ಕೈಯಲ್ಲಿ ಊರೂರಿಗೆ ಕಳಿಸಿಬಿಟ್ಟಿದ್ದರು. ನಾನು ಗಾಬರಿಯಾದದ್ದನ್ನು ಕಂಡು ಅವರಿಗೇ ಆಶ್ಚರ್ಯ.

“ಕುಂಕುಮ ಇಲ್ಲದ ಕಾಗದಾ ಸತ್ತ ಸುದ್ದಿಗೆ ಕಳಸ್ತಾರ. ಹಬ್ಬದ ಹೊತ್ತಿನ್ಯಾಗ ಮಂದಿ ಎದಿ ಒಡಕೊಂಡ್ರ ಏನ ಮಾಡ್ತೀ?” ಎಂದರು.

ಅಷ್ಟಕ್ಕೇ ನಿಲ್ಲದೆ ಮಾತು ಮುಂದುವರಿಸಿದರು: ಬೆರಳಿನ ನೀರು ತಾಗಿದ್ದೇ ತಡ ದ್ರಾಕ್ಷಿಯ ಕಾಳುಗಳೆಲ್ಲ ಕೂಡಿಕೊಂಡವಂತೆ, ಚಿತ್ರ ಮೊದಲಿಗಿಂತ ತುಂಬಿಕೊಂಡು ಕಂಡಿತಂತೆ.

ಸಂಕ್ರಾಂತಿಯಂದು ನಾಲ್ಕು ಜನಕ್ಕೆ ಅಡುಗೆ ಮಾಡಿದ್ದೆ. ಮಿತಾಹಾರ ನನ್ನ ಸಿದ್ಧಾಂತ. ಹನ್ನೊಂದೂವರೆಗೆ ಮಂಗಸೂಳಿಯ ಸೋದರಮಾವ ಹೊಸ ಧೋತರ ಉಟ್ಟು, ತಲೆಯ ಮೇಲೆ ಬುಟ್ಟಿ ಹೊತ್ತ ಮಗನೊಂದಿಗೆ ಇಳಿದ. ಅವನ ಹಿಂದೆ ಸೊಸೆ, ಬೀಗರು. ಅವರ ಹಿಂದೆ ನನ್ನ ಸಹೋದ್ಯೋಗಿಗಳಿಬ್ಬರು, ಇಳಕಲ್ ಸೀರೆ, ಕೈಯಲ್ಲಿ ಉಡುಗೊರೆಯ ಪೊಟ್ಟಣ. ಪಕ್ಕದ ಮನೆಯ ರಜಿಯಾ ಆಪಾ ಅತ್ತರು ಪೂಸಿಕೊಂಡು ಮಕ್ಕಳೊಂದಿಗೆ ಬಂದರು. ಪಡಸಾಲೆ ತುಂಬಿ ಜನ ಕಟ್ಟೆಗೆ ಬಂದರು. ಎಲ್ಲರೂ ಸುತ್ತ ಕಣ್ಣಾಡಿಸಿ ಏನನ್ನೋ ಹುಡುಕುತ್ತಿದ್ದರು.

ಕೊನೆಗೆ ಮಾವನೇ ಕೇಳಿದ: “ಅಂಗಡಿ ಎಲ್ಲಿ ಐತವ್ವಾ?”

ಯಾವ ಅಂಗಡಿ ಎಂದೆ. ಅವನು ಜೇಬಿನಿಂದ ಕಾರ್ಡು ತೆಗೆದು ತೋರಿಸಿದ. ನಾಲ್ಕು ಮೂಲೆಗೂ ಕುಂಕುಮ. ನಡುವೆ ನುಣುಪಾದ, ದುಂಡಗಿನ, ಹಸಿರು ತೊಟ್ಟಿನ, ನೇರಳೆ ಬಣ್ಣದ ಒಂದು ಬದನೆಕಾಯಿ.

“ಕಾಯಿಪಲ್ಲೆ ಅಂಗಡಿ ತಗಿಯಾಕತ್ತೀ ಅಂತ ತಿಳದೇವಿ. ಬೋಣಿಗಿ ಆಗಲಿ ಅಂತ ನಮ್ಮ ಹೊಲದಾಗಿನ ಬದನಿಕಾಯಿ ಒಂದ ಬುಟ್ಟಿ ತಂದೇನಿ.”

ಕುಂಕುಮದ ಕಾರ್ಡು ಮನೆಗೆ ಬಂದಮೇಲೆ ಅದು ಕರೆಯೋಲೆಯೇ. ಕರೆಯೋಲೆ ಬಂದಮೇಲೆ ಊಟ ಇರಲೇಬೇಕು. ಬರೀ ಶುಭ ಕೋರಿ ಸುಮ್ಮನಾಗುವ ಕಾಗದವನ್ನು ನಮ್ಮ ಸೀಮೆ ಕಂಡಿಲ್ಲ. ಸಾಲದ್ದಕ್ಕೆ ಅತ್ತೆಯವರು ಮಲ್ಲಪ್ಪನಿಗೆ ‘ಮಕ್ಕಳು ಮರಿ ಕರಕೊಂಡು ತಪ್ಪದ ಬರ್ರಿ ಅಂತ ಹೇಳು’ ಎಂದೂ ಹೇಳಿ ಕಳಿಸಿದ್ದರು. ಮದುವೆಯ ಊಟವನ್ನು ಇಪ್ಪತ್ತು ನಿಮಿಷ ಖಂಡಿಸಿದ ನಾನು, ನಾಲ್ಕು ಜನರ ಅನ್ನದ ಮುಂದೆ ಮೂವತ್ತು ಜನರನ್ನು ನಿಲ್ಲಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿದ್ದೆ.

ಆಗ ಪದ್ಮಾ ಬಂದಳು. ಚಪ್ಪಲಿ ಬಿಡುತ್ತ ಜನರನ್ನೂ ನನ್ನನ್ನೂ ಒಮ್ಮೆ ನೋಡಿದಳು.

“ಎಷ್ಟ ಮಂದಿಗೆ ಅಡಗಿ ಮಾಡೀ?”

“ನಾಕ.”

“ಭಾಷಣಾ ತಯಾರ ಐತೇನು?”

“ಇಲ್ಲ.”

“ಹಂಗಾರ ಊಟಾ ಆಕ್ಕೈತಿ, ಸರಿ ಅತ್ಲಾಗ,” ಎಂದು ಸೆರಗು ಸಿಕ್ಕಿಸಿದಳು.

ಮುಂದಿನದೆಲ್ಲ ಅವಳದೇ ಆಡಳಿತ. ರಜಿಯಾ ಆಪಾ ತಮ್ಮ ಮನೆಯ ದೊಡ್ಡ ಪಾತ್ರೆ ತರಿಸಿದರು. ನನ್ನ ಪತಿ ಅಕ್ಕಿ ತರಲು ಓಡಿದರು. ಇಳಕಲ್ ಸೀರೆಗಳು ಶೇಂಗಾ ಹುರಿಯಲು ಕೂತವು. ಬುಟ್ಟಿಯ ಬದನೆಕಾಯಿ ನನ್ನ ಮತ್ತು ಪದ್ಮಾಳ ಪಾಲಿಗೆ ಬಂತು. ಎಣ್ಣೆಗಾಯಿಗೆ ಸೀಳುತ್ತ, ತಲೆ ಎತ್ತದೆ ಅವಳು ಹೇಳಿದಳು:

“ನೀ ಒಂದ ಸಾಲಿನ್ಯಾಗ ಮಾತ ಮುಗಿಸೀ ಅಂದಕೂಡ್ಲೆ ಹೆದರಿಕಿ ಆತ. ಆರಾಮ ಇಲ್ಲೇನೋ ಅಂತ ನೋಡಾಕ ಬಂದೇನಿ.”

ಎರಡು ವರ್ಷದ ಮೌನ ಮುರಿದದ್ದು ಹೀಗೆ. ಉತ್ತರವಾಗಿ ನನ್ನಲ್ಲಿ ಕನಿಷ್ಠ ಆರು ಅಂಶಗಳಿದ್ದವು. ನಾನು ಬದನೆಕಾಯಿ ಸೀಳಿದೆ.

ಪಂಕ್ತಿ ಕೂತಿತು. ಬಡಿಸಿ ಮುಗಿಯುತ್ತಲೇ ಪದ್ಮಾ ನಡುಮನೆಯಲ್ಲಿ ನಿಂತು, ಕಾಲೇಜಿನ ದಿನಗಳ ಅದೇ ಕಂಚಿನ ದನಿಯಲ್ಲಿ, ತಾನು ಎರಡು ಮಾತು ಆಡಬೇಕಾಗಿದೆ ಎಂದಳು. ಮದುವೆಗೆ ಬಂದಿದ್ದವರು ಕೆಲವರು ಅಲ್ಲಿದ್ದರು. ಅವರ ಕೈಗಳು ಅನ್ನದ ಮೇಲೆ ಹಾಗೆಯೇ ನಿಂತವು. ನಾನು ತಲೆ ತಗ್ಗಿಸಿ ಇಪ್ಪತ್ತು ನಿಮಿಷಕ್ಕೆ ಸಿದ್ಧಳಾದೆ. ಅದು ನ್ಯಾಯವೂ ಆಗಿತ್ತು.

“ಊಟ ಮಾಡ್ರಿ,” ಎಂದು ಪದ್ಮಾ ಕೂತಳು.

ನಾನು ಕಂಡ ಅತ್ಯುತ್ತಮ ಭಾಷಣ ಅದು. ವಂದನಾರ್ಪಣೆಗೆಂದು ನಾನು ಎದ್ದೆ. ಅವಳು ಕೂತಲ್ಲಿಂದಲೇ ನನ್ನ ಸೆರಗು ಜಗ್ಗಿ ಬಾಯಿಗೆ ಎಳ್ಳುಂಡೆ ಇಟ್ಟಳು. ಅತ್ತೆಯವರು ಕಟ್ಟಿದ ಉಂಡೆ, ಬಲು ಗಟ್ಟಿ. ಅದು ಕರಗುವ ಹೊತ್ತಿಗೆ ಎರಡನೆಯ ಪಂಕ್ತಿಯೂ ಎದ್ದಿತ್ತು.

ಈ ವರ್ಷವೂ ಕಾರ್ಡು ಮಾಡಿದ್ದೇನೆ. ಜನ ಬರುವುದು ಖಚಿತವಾದ್ದರಿಂದ ಕುಂಕುಮವನ್ನು ನಾನೇ ಹಚ್ಚಿ, ಮೋಸವಾಗದಿರಲೆಂದು ಈ ಸಲ ಬದನೆಕಾಯಿಯನ್ನೇ ಬರೆದೆ. ನಿನ್ನೆ ಪದ್ಮಾ ಬಂದವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಈ ಸಲ ದ್ರಾಕ್ಷಿ ಭಾಳ ಚಲೋ ಬಂದಾವ ನೋಡು,” ಎಂದಳು.

ನಾನು ಖಂಡಿಸಲಿಲ್ಲ.