ಹುಲ್ಲು ಬೆಳೆದರೆ ವಿಮಾನ ಇಳಿಯದು

ಬೆಳಗಿನ ಐದೂವರೆ. ನಮ್ಮ ದ್ವೀಪದ ಹುಲ್ಲಿನ ರನ್‌ವೇ ಮೇಲೆ ಹಿಲ್ಡಾ ವೆರೆಸ್ ಕೊನೆಯ ಪಟ್ಟಿಯ ಹುಲ್ಲು ಕತ್ತರಿಸುತ್ತಿದ್ದಾರೆ. ವಯಸ್ಸು ನಲವತ್ತೇಳು, ಹೆಗಲಿಗೆ ಪೆಟ್ರೋಲ್ ಯಂತ್ರ. ಒಂಬತ್ತಕ್ಕೆ ವಿಮಾನ. ಹುಲ್ಲು ಕಣಕಾಲು ಮುಟ್ಟಿದರೆ ಪೈಲಟ್ ಇಳಿಸುವುದಿಲ್ಲ, ಒಂದು ಸುತ್ತು ಹಾಕಿ ಪಕ್ಕದ ದೊಡ್ಡ ದ್ವೀಪ ಸಾಂಟೋಗೆ ಮರಳುತ್ತಾನೆ.

ಇಂದಿನ ವಿಮಾನದಲ್ಲಿ ಆರು ಗಂಡಸರು ಆಸ್ಟ್ರೇಲಿಯಾದ ಟೊಮ್ಯಾಟೊ ತೋಟಕ್ಕೆ ಹೊರಟಿದ್ದಾರೆ. ಹಿಲ್ಡಾ ಅವರ ಗಂಡ ಆಗಲೇ ಅಲ್ಲಿದ್ದಾರೆ. ರನ್‌ವೇಯ ಇನ್ನರ್ಧ ನೋಡಿಕೊಳ್ಳುತ್ತಿದ್ದ ಮೈದುನ ಎಡ್ಗೆಲ್ ಇಂದು ಹೋಗುತ್ತಾನೆ.

"ಅತ್ತಿಗೆ, ಇಲ್ಲಿ ತಿಂಗಳಿಡೀ ಕತ್ತರಿಸಿದ್ರೆ ಒಂಬತ್ತು ಸಾವಿರ ವಾಟು. ಅಲ್ಲಿ ಒಂದೇ ದಿನಕ್ಕೆ ಅಷ್ಟು."

"ಹೋಗಪ್ಪ. ನೀನಿಲ್ದೆ ಟೊಮ್ಯಾಟೊಗೆ ನಿದ್ದೆ ಬರ್ತಿಲ್ವಂತೆ."

ಹೋದವರ ದುಡ್ಡಿನಿಂದಲೇ ಊರಿಗೆ ತಗಡಿನ ಸೂರು, ಮಕ್ಕಳ ಶಾಲೆಯ ಫೀಸು. ಹಿಲ್ಡಾ ಅದನ್ನು ಅಲ್ಲಗಳೆಯುವುದಿಲ್ಲ. ಹೋದ ವರ್ಷ ತೋಟಕ್ಕೆ ಹೋದವರೆಲ್ಲ ದುಡ್ಡು ಸೇರಿಸಿ, ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವನ್ನೂ ಕಳಿಸಿದ್ದರು. ಬೆಲ್ಟ್ ಹರಿದು ಶೆಡ್ಡಿನಲ್ಲಿದೆ, ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತದೆ. ರಿಪೇರಿ ಬಲ್ಲ ಒಬ್ಬನೇ ಮೆಕ್ಯಾನಿಕ್ ಈಗ ಅದೇ ತೋಟದಲ್ಲಿ ಹಣ್ಣು ಕೀಳುತ್ತಾನೆ.

ರನ್‌ವೇ ಏಳುನೂರು ಮೀಟರ್. ಇಬ್ಬರಿಗೆ ಆರು ದಿನದ ಕೆಲಸ, ಒಬ್ಬರಿಗೆ ಹನ್ನೆರಡು. ಮಳೆ ಬಿದ್ದರೆ ಹತ್ತೇ ದಿನಕ್ಕೆ ಹುಲ್ಲು ಮತ್ತೆ ಕಣಕಾಲಿಗೆ ಬರುತ್ತದೆ.

ಹಿಲ್ಡಾ ಅವರ ನಿದ್ದೆ ಕೆಡಿಸಿರುವುದು ಈ ಲೆಕ್ಕ. ಮಗಳು ಮೊರಿನ್ ಎಂಟು ತಿಂಗಳ ಬಸುರಿ, ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ. ಇಲ್ಲಿ ಹೆರಿಗೆ ಬೇಡ, ಸಾಂಟೋ ಆಸ್ಪತ್ರೆಗೇ ಹೋಗಬೇಕು ಎಂದು ನರ್ಸ್ ಹೇಳಿದ್ದಾರೆ. ಇಂದಿನ ಸೀಟುಗಳೆಲ್ಲ ತೋಟಕ್ಕೆ ಹೊರಟವರ ಹೆಸರಿಗೆ ತಿಂಗಳ ಹಿಂದೆಯೇ ಹೋಗಿವೆ. ಅವಳಿಗೆ ಸೀಟು ಸಿಕ್ಕಿರುವುದು ಇಪ್ಪತ್ತು ದಿನದ ನಂತರದ ವಿಮಾನದಲ್ಲಿ. ಹಡಗು ಬರುವ ದಿನವನ್ನು ನಂಬುವಂತಿಲ್ಲ.

ಹುಲ್ಲು ಕತ್ತರಿಸದೆ ಬಿಟ್ಟಿದ್ದರೆ ಎಡ್ಗೆಲ್ ಇಲ್ಲೇ ಉಳಿಯುತ್ತಿದ್ದನಲ್ಲ ಎಂದು ಕೇಳುತ್ತೇನೆ.

"ಮನಸ್ಸಿಗೆ ಬಂದಿತ್ತು. ಮೊನ್ನೆ ಯಂತ್ರ ಕೆಳಗಿಟ್ಟು ಕೂತೂ ಇದ್ದೆ. ಆದ್ರೆ ಈ ದ್ವೀಪದಲ್ಲಿ ಹುಲ್ಲು ಉದ್ದ ಅಂತ ಒಮ್ಮೆ ಹೆಸರು ಬಿದ್ರೆ, ಆಮೇಲೆ ಪೈಲಟ್ ಈ ಕಡೆ ತಲೆ ಹಾಕಲ್ಲ. ಹನ್ನೊಂದು ವರ್ಷದಲ್ಲಿ ನನ್ನ ಹುಲ್ಲು ನೋಡಿ ಒಂದು ವಿಮಾನಾನೂ ವಾಪಸ್ ಹೋಗಿಲ್ಲ."

ಒಂಬತ್ತೂಕಾಲಿಗೆ ವಿಮಾನ ಇಳಿಯುತ್ತದೆ, ಆರು ಜನರನ್ನು ಹತ್ತಿಸಿಕೊಂಡು ಏಳುತ್ತದೆ. ಊರಲ್ಲಿ ಉಳಿದ ಹೆಂಗಸರು ಕೈ ಬೀಸುತ್ತಾರೆ. ಹಿಲ್ಡಾ ಯಂತ್ರಕ್ಕೆ ಪೆಟ್ರೋಲ್ ತುಂಬುತ್ತಿದ್ದಾರೆ. ಆರು ದಿನದ ಹಿಂದೆ ಕತ್ತರಿಸಿದ ತುದಿಯಲ್ಲಿ ಹುಲ್ಲು ಆಗಲೇ ಮೂರು ಬೆರಳು ಎದ್ದಿದೆ.

ಏನು ಬೇಕು ಎಂದು ಕೇಳಿದರೆ ಮೋಡ ನೋಡುತ್ತಾರೆ.

"ಇಪ್ಪತ್ತು ದಿನ ಮಳೆ ಬೀಳದಿದ್ರೆ ಸಾಕು. ಹೊಲದಲ್ಲಿ ಕೆಸುವಿನ ಗಡ್ಡೆ ಒಣಗಿದ್ರೆ ಒಣಗ್ಲಿ, ಮತ್ತೆ ನೆಡ್ತೀನಿ."